ಕಾಲೇಜು ಬದಲಾಯಿಸುವವರ ಓದಿನ ಲೆಕ್ಕ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ಸಾಹಿತ್ಯ, ಸಂಗೀತಗಳ ಮೇಲೆ ಭಾಷಣಗಳಾಗುವುದು ವಾಡಿಕೆ. ಇಂದು ನಾನು ಎತ್ತಿಕೊಂಡಿರುವ ವಿಷಯ ಅಷ್ಟು ರಸವತ್ತಾದುದಲ್ಲ. ಕಾಲೇಜಿನ ಕಚೇರಿಯ ಕಿಟಕಿಯ ಮುಂದೆ ಕಾಗದ ಹಿಡಿದು ನಿಂತವರಿಗೆ ಮಾತ್ರ ಅದರ ಬಿಸಿ ಗೊತ್ತು. ಒಂದು ಕಾಲೇಜಿನಲ್ಲಿ ಓದಿ ತೇರ್ಗಡೆಯಾದ ಪಾಠಗಳನ್ನು ಇನ್ನೊಂದು ಊರಿನ ಕಾಲೇಜು ಲೆಕ್ಕಕ್ಕೆ ಹಿಡಿಯುವುದು ಹೇಗೆ, ಹಿಡಿಯದಿದ್ದರೆ ನಾವು ಏನು ಮಾಡಬೇಕು ಎಂಬುದೇ ಆ ವಿಷಯ.

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ವರ್ಗದ ನೌಕರಿಯವರು. ಬ್ಯಾಂಕು, ರೈಲ್ವೆ, ವಿಮೆ, ಸೈನ್ಯ, ಕೇಂದ್ರ ಸರಕಾರದ ಕಚೇರಿಗಳು ಇವೇ ನಮ್ಮನ್ನು ಬೆಂಗಳೂರು, ಹುಬ್ಬಳ್ಳಿ, ಮಂಗಳೂರುಗಳಿಂದ ಇಲ್ಲಿಗೆ ತಂದಿವೆ. ನಾಳೆ ಇಲ್ಲಿಂದ ಇನ್ನೆಲ್ಲಿಗೋ ಒಯ್ಯುತ್ತವೆ. ದೊಡ್ಡವರಿಗೆ ವರ್ಗವಾದರೆ ನೌಕರಿಯ ಹಿರಿತನ ಕಳೆಯುವುದಿಲ್ಲ. ಆದರೆ ಮನೆಯ ಹುಡುಗನೋ ಹುಡುಗಿಯೋ ಕಾಲೇಜಿನ ಎರಡನೆಯ ವರ್ಷದಲ್ಲಿದ್ದರೆ, ಅವರ ಒಂದು ವರ್ಷ ಸಾಮಾನಿನ ಲಾರಿಯಲ್ಲಿ ಬರದೆ ಹಿಂದೆಯೇ ಉಳಿದುಹೋಗುವ ಸಂಭವವುಂಟು.

ಇದನ್ನು ನಾನು ನಮ್ಮ ಮನೆಯಲ್ಲೇ ಕಂಡಿದ್ದೇನೆ. 1973ರ ಮಾತು. ನಮ್ಮ ತಂದೆಯವರಿಗೆ ಪರಪ್ರಾಂತಕ್ಕೆ ವರ್ಗವಾಯಿತು. ನಮ್ಮ ಅಕ್ಕ ಆಗ ಬಿ.ಎಸ್‌ಸಿ. ಮೊದಲನೆಯ ವರ್ಷವನ್ನು ಒಳ್ಳೆಯ ಅಂಕಗಳಿಂದ ಮುಗಿಸಿದ್ದಳು. ಹೊಸ ಊರಿನ ಕಾಲೇಜಿನವರು ಅವಳ ಅಂಕಪಟ್ಟಿಯನ್ನು ನೋಡಿ, "ನಿಮ್ಮ ಮೊದಲನೆಯ ವರ್ಷ ನಮ್ಮ ಮೊದಲನೆಯ ವರ್ಷಕ್ಕೆ ಸಮವಲ್ಲ, ಬೇಕಾದರೆ ಮೊದಲಿನಿಂದ ಸೇರಿರಿ" ಎಂದರು. ತಂದೆಯವರಿಗೆ ನಮ್ಮಿಬ್ಬರು ಗಂಡುಮಕ್ಕಳ ಫೀಜಿನ ಚಿಂತೆ. ಮನೆಯಲ್ಲಿ ಎರಡು ದಿನ ಮಾತಾಯಿತು. ಮೂರನೆಯ ದಿನ ಮಾತು ನಿಂತಿತು. ಅಕ್ಕ ಮತ್ತೆ ಕಾಲೇಜಿಗೆ ಹೋಗಲಿಲ್ಲ. ಆ ಅಂಕಪಟ್ಟಿ ಇಂದಿಗೂ ಅವಳ ಪೆಟ್ಟಿಗೆಯಲ್ಲಿದೆ. ಎಷ್ಟೋ ವರ್ಷಗಳ ಮೇಲೆ ನನಗೆ ತಿಳಿದುಬಂದದ್ದೇನೆಂದರೆ, ಕಾಲೇಜಿನ ಗುಮಾಸ್ತರ ಮಾತೇ ಕಡೆಯ ಮಾತಾಗಿರಲಿಲ್ಲ. ಪಾಠಪಟ್ಟಿಯನ್ನು ಲಗತ್ತಿಸಿ ವಿಶ್ವವಿದ್ಯಾನಿಲಯಕ್ಕೆ ಒಂದು ಅರ್ಜಿ ಬರೆದಿದ್ದರೆ ಒಂದೆರಡು ಪತ್ರಿಕೆಗಳಷ್ಟೇ ಬಾಕಿ ಉಳಿದು ಎರಡನೆಯ ವರ್ಷಕ್ಕೆ ಪ್ರವೇಶ ಸಿಗುವ ಸಾಧ್ಯತೆ ಇತ್ತು. ಅದನ್ನು ನಮಗೆ ಯಾರೂ ಹೇಳಲಿಲ್ಲ. ಕೇಳಬೇಕೆಂಬುದು ನಮಗೂ ಹೊಳೆಯಲಿಲ್ಲ. ಇಂದು ನಾನು ಇಲ್ಲಿ ನಿಂತಿರುವುದು ಆ ಒಂದು ಕಾರಣಕ್ಕಾಗಿ.

ಈ ತೊಡಕು ಕನ್ನಡಿಗರಿಗೆ ಹೊಸದೇನೂ ಅಲ್ಲ. ಏಕೀಕರಣಕ್ಕೆ ಮೊದಲು ನಮ್ಮ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತೆಂಬುದು ತಮಗೆಲ್ಲ ತಿಳಿದದ್ದೇ. ನಮ್ಮ ಕಾಲೇಜುಗಳೂ ಹಾಗೆಯೇ ಹಂಚಿಹೋಗಿದ್ದವು. ಮೈಸೂರು ಸಂಸ್ಥಾನದವರಿಗೆ 1916ರಿಂದ ತಮ್ಮದೇ ವಿಶ್ವವಿದ್ಯಾನಿಲಯವಿತ್ತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜು ಮುಂಬಯಿ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಮಂಗಳೂರಿನ ಕಾಲೇಜುಗಳು ಮದರಾಸಿಗೆ ಸೇರಿದ್ದವು. ಕಲಬುರ್ಗಿಯ ಕಡೆಯವರು 1918ರಲ್ಲಿ ಸ್ಥಾಪನೆಯಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು; ಅಲ್ಲಿ ಆಗ ಪಾಠವೆಲ್ಲ ಉರ್ದುವಿನಲ್ಲಿ. ಒಂದೇ ಭಾಷೆಯನ್ನಾಡುವ ನಾಲ್ಕು ಊರಿನ ಹುಡುಗರು ನಾಲ್ಕು ವಿಶ್ವವಿದ್ಯಾನಿಲಯಗಳ ನಾಲ್ಕು ಪಾಠಪಟ್ಟಿಗಳನ್ನು ಓದುತ್ತಿದ್ದರು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ, 1956ರ ನವೆಂಬರ್ 1ರಂದು ನಾಡು ಒಂದಾದ ಮೇಲೆ, ಈ ಗೋಡೆಗಳು ಎಷ್ಟೋ ಕೆಳಗಿಳಿದವು. ಆದರೆ ರಾಜ್ಯದ ಗಡಿ ದಾಟುವ ನಮ್ಮಂಥವರ ಪಾಲಿಗೆ ಅವು ಇನ್ನೂ ನಿಂತೇ ಇವೆ.

ಗೋಡೆ ಏಕೆ ನಿಂತಿದೆ ಎಂದು ತಿಳಿಯಲು ಅಳತೆಯ ಮಾತನ್ನು ಸ್ವಲ್ಪ ನೋಡಬೇಕು. ಹಿರಿಯರಿಗೆ ನೆನಪಿರಬಹುದು: ಹಿಂದೆ ಒಂದು ಊರಿನ ಸೇರು ಇನ್ನೊಂದು ಊರಿನ ಸೇರಿಗೆ ಸಮವಾಗಿರಲಿಲ್ಲ. 1956ರ ಕಾನೂನಿನ ಮೇಲೆ ದೇಶಕ್ಕೆಲ್ಲ ಕಿಲೋಗ್ರಾಂ ಬಂದಿತು, ವ್ಯಾಪಾರ ಸುಲಭವಾಯಿತು. ವಿದ್ಯೆಗೂ ಇಂಥದೊಂದು ಅಳತೆ ಬೇಕೆಂದು ಹುಟ್ಟಿದ್ದೇ ಕ್ರೆಡಿಟ್ ಪದ್ಧತಿ. ಅದು ಹುಟ್ಟಿದ ಬಗೆಯೂ ಕುತೂಹಲದ್ದು. ಅಮೆರಿಕದ ಧನಿಕ ಆಂಡ್ರೂ ಕಾರ್ನೆಗಿ 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗಾಗಿ ಒಂದು ನಿಧಿಯನ್ನು ಕೊಟ್ಟನು. ಯಾವ ಸಂಸ್ಥೆಯನ್ನು ಕಾಲೇಜು ಎನ್ನಬೇಕು ಎಂಬ ಪ್ರಶ್ನೆ ಆ ನಿಧಿಯವರಿಗೆ ಎದುರಾಯಿತು. ಹೈಸ್ಕೂಲಿನಲ್ಲಿ 14 ಘಟಕಗಳನ್ನು ಓದಿದವರನ್ನು ಮಾತ್ರ ಸೇರಿಸಿಕೊಳ್ಳುವುದು ಕಾಲೇಜು ಎಂದು ಅವರು ನಿಯಮ ಮಾಡಿದರು. ಒಂದು ಘಟಕವೆಂದರೆ ವರ್ಷದಲ್ಲಿ ಸುಮಾರು 120 ಗಂಟೆಯ ಪಾಠ. ಪಿಂಚಣಿಯ ಆಸೆಗೆ ಕಾಲೇಜುಗಳೆಲ್ಲ ಆ ಅಳತೆಯನ್ನು ಒಪ್ಪಿಕೊಂಡವು. ಅಧ್ಯಾಪಕರ ವೃದ್ಧಾಪ್ಯದ ಚಿಂತೆಯಿಂದ ಬಂದ ಲೆಕ್ಕ ಹೀಗೆ ವಿದ್ಯಾರ್ಥಿಗಳ ಓದಿಗೆ ಅಂಟಿಕೊಂಡಿತು.

ನಮ್ಮಲ್ಲಿ ಅಮೆರಿಕದ ಮಾದರಿಯ ಕೃಷಿ ವಿಶ್ವವಿದ್ಯಾನಿಲಯಗಳು ಇದನ್ನು ಮೊದಲೇ ತಂದವು. ಪಂತನಗರದ್ದು 1960ರಲ್ಲಿ, ನಮ್ಮ ಬೆಂಗಳೂರಿನದು 1964ರಲ್ಲಿ ಆರಂಭವಾದವು. 1985ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯವೂ 30 ಗಂಟೆಯ ಅಭ್ಯಾಸವನ್ನು ಒಂದು ಕ್ರೆಡಿಟ್ ಎಂದಿತು. ಸಾಮಾನ್ಯ ಕಾಲೇಜುಗಳಿಗೆ ಈ ಪದ್ಧತಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ, ಅಂದರೆ ಯು.ಜಿ.ಸಿ.ಯ, ಪ್ರೇರಣೆಯಿಂದ ವ್ಯಾಪಕವಾಗಿ ಬಂದದ್ದು 2015ರ ಈಚೆಗೆ. ವಾರಕ್ಕೆ ಒಂದು ಗಂಟೆಯಂತೆ ಒಂದು ಸೆಮಿಸ್ಟರಿನ 15 ವಾರ ಪಾಠ ನಡೆದರೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ ಎರಡು ಗಂಟೆಗೆ ಒಂದು. ಯು.ಜಿ.ಸಿ. 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ನಾಲ್ಕು ವರ್ಷದ ಪದವಿಗೆ 160 ಎಂದಿದೆ.

ಇನ್ನು 2021ರಲ್ಲಿ ಯು.ಜಿ.ಸಿ.ಯವರು ಒಂದು ನಿಯಮಾವಳಿಯನ್ನು ಹೊರಡಿಸಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಎಂಬ ವ್ಯವಸ್ಥೆಯನ್ನು ತೆರೆದರು. ಇದು ಹಣದ ಬ್ಯಾಂಕಲ್ಲ, ಓದಿನ ಬ್ಯಾಂಕು. ವಿದ್ಯಾರ್ಥಿಗೆ 12 ಅಂಕಿಗಳ ಒಂದು ಖಾತೆಯ ಸಂಖ್ಯೆ ಇರುತ್ತದೆ. ಅದನ್ನು ಈಗ ಅಪಾರ್ ಸಂಖ್ಯೆಯೆನ್ನುತ್ತಾರೆ. ತೇರ್ಗಡೆಯಾದ ಪಾಠದ ಕ್ರೆಡಿಟ್ಟುಗಳನ್ನು ಕಾಲೇಜು ಅಥವಾ ವಿಶ್ವವಿದ್ಯಾನಿಲಯ ಆ ಖಾತೆಗೆ ಜಮಾ ಮಾಡುತ್ತದೆ. ಜಮೆಯಾದುದು ಹೆಚ್ಚೆಂದರೆ ಏಳು ವರ್ಷದವರೆಗೆ ಬಾಳುತ್ತದೆ. ಇದು ಬಹಳ ಒಳ್ಳೆಯ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ನಮ್ಮ ಅಕ್ಕನ ಕಾಲದಲ್ಲಿ ಇದು ಇದ್ದಿದ್ದರೆ ಅವಳ ಓದು ಪೆಟ್ಟಿಗೆಯೊಳಗಿನ ಒಂದು ಕಾಗದವಾಗಿ ಮಾತ್ರ ಉಳಿಯುತ್ತಿರಲಿಲ್ಲ.

ಆದರೆ ಇಲ್ಲಿಯೇ ನಮ್ಮ ಜನ ಮೋಸಹೋಗುವುದು. "ಖಾತೆಯಲ್ಲಿ 40 ಕ್ರೆಡಿಟ್ ಇದೆ, ಇನ್ನು ಯಾವ ಕಾಲೇಜಿಗೆ ಹೋದರೂ ಆ 40 ನಮ್ಮದೇ" ಎಂದುಕೊಳ್ಳುತ್ತಾರೆ. ಅದು ಹಾಗಲ್ಲ. ತಕ್ಕಡಿ ಅಕ್ಕಿಯನ್ನೂ ತೂಗುತ್ತದೆ, ಉಪ್ಪನ್ನೂ ತೂಗುತ್ತದೆ. ಎರಡೂ ಒಂದೊಂದು ಕಿಲೋ ಇದ್ದ ಮಾತ್ರಕ್ಕೆ ಅಕ್ಕಿಯ ಬದಲು ಉಪ್ಪನ್ನು ಒಲೆಯ ಮೇಲಿಡಲಾಗುವುದಿಲ್ಲ. ಕ್ರೆಡಿಟ್ ಎಂಬುದು ಓದಿನ ತೂಕವನ್ನು ಹೇಳುತ್ತದೆಯೇ ಹೊರತು ಓದಿದ್ದು ಏನೆಂಬುದನ್ನು ಹೇಳುವುದಿಲ್ಲ. ಅದು ತನ್ನ ಪಾಠಪಟ್ಟಿಗೆ ಹೊಂದುತ್ತದೆಯೇ ಎಂದು ನಿರ್ಣಯಿಸುವುದು ಸೇರಿಸಿಕೊಳ್ಳುವ ವಿಶ್ವವಿದ್ಯಾನಿಲಯ. ಜಮೆಯಾಗುವುದು ಬೇರೆ, ಚಲಾವಣೆಯಾಗುವುದು ಬೇರೆ. ಇಂದಿನ ನನ್ನ ಭಾಷಣದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ದಯವಿಟ್ಟು ಇದನ್ನು ನೆನಪಿಡಿರಿ.

ಒಂದು ಲೆಕ್ಕವನ್ನೇ ಮಾಡಿ ನೋಡೋಣ. ಒಬ್ಬ ಹುಡುಗಿ ಬೆಂಗಳೂರಿನಲ್ಲಿ ಬಿ.ಕಾಂ. ಎರಡು ಸೆಮಿಸ್ಟರ್ ಮುಗಿಸಿದ್ದಾಳೆ, ಖಾತೆಯಲ್ಲಿ 40 ಕ್ರೆಡಿಟ್ ಇದೆ ಎನ್ನಿ. ತಂದೆಗೆ ಪುಣೆಗೆ ವರ್ಗವಾಯಿತು. ಹೊಸ ಕಾಲೇಜಿನವರು ಪತ್ರಿಕೆ ಪತ್ರಿಕೆಯಾಗಿ ಹೋಲಿಸಿ ನೋಡುತ್ತಾರೆ. ಅರ್ಥಶಾಸ್ತ್ರ, ಇಂಗ್ಲಿಷ್, ಲೆಕ್ಕಶಾಸ್ತ್ರ ಮುಂತಾದವುಗಳ 28 ಕ್ರೆಡಿಟ್ ಹೊಂದಿದವು. ಕನ್ನಡ ಭಾಷೆಯ 4 ಕ್ರೆಡಿಟ್ಟಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಆ ಕಾಲೇಜಿನಲ್ಲಿ ಕನ್ನಡವಿಲ್ಲ. ಇನ್ನು 4 ಕ್ರೆಡಿಟ್ ಒಂದು ಕೌಶಲ್ಯದ ಪಾಠದ್ದು. ಅದು ಅಲ್ಲಿಯ ಪಟ್ಟಿಯಲ್ಲಿಲ್ಲ. ಉಳಿದ 4 ಕ್ರೆಡಿಟ್ಟಿನ ಪಾಠ ಅಲ್ಲಿಯೂ ಇದೆ, ಆದರೆ ಮೂರನೆಯ ಸೆಮಿಸ್ಟರಿನಲ್ಲಿದೆ. ಅಲ್ಲಿ ಮೊದಲ ವರ್ಷದಲ್ಲಿ ಕಲಿಸಿದ ಬೇರೊಂದು ಪಾಠವನ್ನು ಇವಳು ಓದಿಲ್ಲ. ಹೀಗೆ ಒಂದನ್ನು ಎರಡು ಸಲ ಓದುವುದು, ಇನ್ನೊಂದನ್ನು ಓದದೆಯೇ ಇರುವುದು ಎರಡೂ ಒಟ್ಟಿಗೆ ಬರುತ್ತವೆ. 12 ಕ್ರೆಡಿಟ್ ಸಿಕ್ಕಿಹಾಕಿಕೊಂಡವು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಆದರೆ ಈ 12ನ್ನು ಮುಂದಿನ ಸೆಮಿಸ್ಟರುಗಳಲ್ಲಿ ತುಂಬಿಕೊಳ್ಳಲು ಬಿಡುತ್ತಾರೋ, ಇವುಗಳ ಸಲುವಾಗಿ ಮೊದಲ ವರ್ಷಕ್ಕೇ ತಳ್ಳುತ್ತಾರೋ ಎಂಬುದರ ಮೇಲೆ ಆ ಹುಡುಗಿಯ ಒಂದು ವರ್ಷ ನಿಂತಿದೆ.

ಇದಕ್ಕೆ ಮೇಲೆ ಈಗ ರಾಜ್ಯ ರಾಜ್ಯಗಳ ಪದ್ಧತಿಯೇ ಬೇರೆ ಬೇರೆಯಾಗಿದೆ. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷದ ಪದವಿಯ ಹೊಸ ನೀತಿಯನ್ನು ಎಲ್ಲರಿಗಿಂತ ಮೊದಲು ಒಪ್ಪಿ, 2024ರಲ್ಲಿ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ದಿಲ್ಲಿ ವಿಶ್ವವಿದ್ಯಾನಿಲಯ 2022ರಿಂದ ನಾಲ್ಕು ವರ್ಷದ ಪದ್ಧತಿಯನ್ನಿಟ್ಟುಕೊಂಡಿದೆ. ಯಾವ ನೀತಿ ಒಳ್ಳೆಯದೆಂಬ ಚರ್ಚೆ ಇಂದಿನದಲ್ಲ. ಆದರೆ ಬೆಂಗಳೂರಿನ ಒಂದೇ ಕಾಲೇಜಿನಲ್ಲಿ 2023ರಲ್ಲಿ ಸೇರಿದ ಅಣ್ಣನ ಪಾಠಪಟ್ಟಿಯೂ 2024ರಲ್ಲಿ ಸೇರಿದ ತಮ್ಮನ ಪಾಠಪಟ್ಟಿಯೂ ಒಂದೇ ಅಲ್ಲವೆಂಬುದನ್ನು ತಾವು ಗಮನಿಸಬೇಕು. ಅಣ್ಣನಿಗೆ ಹೀಗಾಯಿತು, ತಮ್ಮನಿಗೂ ಹಾಗೆಯೇ ಆಗುತ್ತದೆಂದು ನಂಬಿ ಕೂಡಬಾರದು.

ಈ ಸಮಸ್ಯೆಯನ್ನು ಬೇರೆ ದೇಶದವರು ಹೇಗೆ ಬಿಡಿಸಿಕೊಂಡರೆಂಬುದನ್ನು ನೋಡಿದರೆ ನಮಗೆ ದಾರಿ ಕಾಣುತ್ತದೆ. ಯುರೋಪಿನಲ್ಲಿ ದೇಶಕ್ಕೊಂದು ಭಾಷೆ, ದೇಶಕ್ಕೊಂದು ಪದ್ಧತಿ. ವಿದ್ಯಾರ್ಥಿಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋಗಿ ಕೆಲಕಾಲ ಓದಿ ಬರಲೆಂದು ಅವರು 1987ರಲ್ಲಿ ಎರಾಸ್ಮಸ್ ಎಂಬ ಯೋಜನೆಯನ್ನು ತಂದರು. 1989ರಿಂದ ಅದಕ್ಕೊಂದು ಕ್ರೆಡಿಟ್ ಲೆಕ್ಕವನ್ನು ಕಟ್ಟಿದರು, ವರ್ಷಕ್ಕೆ 60ರಂತೆ. ಆ ಲೆಕ್ಕಕ್ಕಿಂತ ಮುಖ್ಯವಾದುದು ಅವರ ಒಂದು ಕಾಗದ. ವಿದ್ಯಾರ್ಥಿ ಊರು ಬಿಡುವ ಮೊದಲೇ, ಅಲ್ಲಿ ಯಾವ ಯಾವ ಪಾಠ ಓದುತ್ತಾನೆ, ಅದನ್ನು ಇಲ್ಲಿ ಯಾವುದಕ್ಕೆ ಸಮವೆಂದು ಹಿಡಿಯುತ್ತಾರೆ ಎಂಬುದನ್ನು ಬರೆದು ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಸೇರಿಸಿಕೊಳ್ಳುವ ಸಂಸ್ಥೆ ಮೂವರೂ ಸಹಿ ಹಾಕುತ್ತಾರೆ. ಇದಲ್ಲದೆ 1997ರಲ್ಲಿ ಲಿಸ್ಬನ್ನಿನಲ್ಲಿ ಆದ ಒಪ್ಪಂದದಲ್ಲಿ ಇನ್ನೊಂದು ತತ್ತ್ವವನ್ನಿಟ್ಟರು: ಬೇರೆ ಕಡೆಯ ಓದನ್ನು ಒಪ್ಪದಿದ್ದರೆ, ಎರಡರ ನಡುವೆ ಗಣನೀಯವಾದ ವ್ಯತ್ಯಾಸವಿದೆಯೆಂದು ತೋರಿಸಿಕೊಡುವ ಹೊಣೆ ನಿರಾಕರಿಸುವವರದು, ವಿದ್ಯಾರ್ಥಿಯದಲ್ಲ.

ನಮ್ಮಲ್ಲಿ ಆ ಹೊಣೆ ಈಗಲೂ ಬಹುಮಟ್ಟಿಗೆ ವಿದ್ಯಾರ್ಥಿಯ ತಲೆಯ ಮೇಲೆಯೇ ಇದೆ. ಇದು ಬದಲಾಗಬೇಕೆಂದು ನಾವು ಕೇಳಬೇಕು. ಬದಲಾಗುವವರೆಗೆ ನಮ್ಮ ಮಕ್ಕಳ ಕೈಯಲ್ಲಿ ಆ ಹೊಣೆಯನ್ನು ಹೊರುವ ಸಾಧನಗಳಿರಬೇಕು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವುದರಿಂದ ಪ್ರಯೋಜನವಿಲ್ಲ. ಆದುದರಿಂದ ಕೆಲವು ವ್ಯಾವಹಾರಿಕ ಸೂಚನೆಗಳನ್ನು ತಮ್ಮ ಮುಂದಿಡುತ್ತೇನೆ.

ಮೊದಲನೆಯದು, ವರ್ಗದ ಆಜ್ಞೆ ಬಂದ ದಿನವೇ ಹಳೆಯ ಕಾಲೇಜಿಗೆ ಹೋಗಿರಿ. ಅಂಕಪಟ್ಟಿ, ವರ್ಗಾವಣೆ ಪತ್ರ, ಮೈಗ್ರೇಶನ್ ಸರ್ಟಿಫಿಕೇಟುಗಳನ್ನು ಎಲ್ಲರೂ ತರುತ್ತಾರೆ. ತರದೆ ಬಿಡುವುದು ಪಾಠಪಟ್ಟಿಯನ್ನು. ಓದಿದ ಪ್ರತಿಯೊಂದು ಪತ್ರಿಕೆಯ ವಿವರವಾದ ಪಾಠಪಟ್ಟಿ, ಅದರ ಗಂಟೆಗಳು, ಕ್ರೆಡಿಟ್ ಇವುಗಳ ಪ್ರತಿಗೆ ಕಾಲೇಜಿನ ಮುದ್ರೆ ಹಾಕಿಸಿಕೊಳ್ಳಿರಿ. ಸಮವೋ ಅಲ್ಲವೋ ಎಂಬ ವಾದ ಬಂದಾಗ ನಿಮ್ಮ ಪರವಾಗಿ ಮಾತನಾಡುವ ಸಾಕ್ಷಿ ಅದೊಂದೇ.

ಎರಡನೆಯದು, ಕ್ರೆಡಿಟ್ ಖಾತೆಯನ್ನು ತೆರೆದು ನೋಡಿರಿ. ಅಲ್ಲಿ ಜಮಾ ಮಾಡುವ ಅಧಿಕಾರ ಸಂಸ್ಥೆಗೆ ಮಾತ್ರವುಂಟು. ವಿದ್ಯಾರ್ಥಿ ತಾನಾಗಿ ಕಾಗದ ಕೊಟ್ಟರೆ ಆ ಬ್ಯಾಂಕು ತೆಗೆದುಕೊಳ್ಳುವುದಿಲ್ಲ. ಜಮೆಯಾಗಿಲ್ಲದಿದ್ದರೆ ಊರು ಬಿಡುವ ಮೊದಲೇ ಮಾಡಿಸಿರಿ. ಹೆಸರನ್ನೂ ನೋಡಿರಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟು ಬರೆಯುವ ರೂಢಿ. ಮಹಾರಾಷ್ಟ್ರದಲ್ಲಿ ಅಡ್ಡಹೆಸರು ಮೊದಲು, ತಂದೆಯ ಹೆಸರು ಕಡೆಗೆ. ಆಧಾರದಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರಿದ್ದರೆ ಖಾತೆ ಕೂಡಿಕೊಳ್ಳುವುದಿಲ್ಲ.

ಮೂರನೆಯದು, ಹೋಗುವ ಕಾಲವನ್ನು ಲೆಕ್ಕ ಹಾಕಿರಿ. 2021ರ ನಿಯಮಾವಳಿಯಂತೆ ಪದವಿ ಕೊಡುವ ಸಂಸ್ಥೆಯಲ್ಲಿ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. 120ರ ಪದವಿಗೆ 60. ಮೊದಲ ವರ್ಷ ಮುಗಿಸಿ ಹೋದವನಿಗೆ 80 ಉಳಿದಿರುತ್ತದೆ, ತೊಂದರೆಯಿಲ್ಲ. ಎರಡು ವರ್ಷ ಮುಗಿಸಿ ಹೋದರೆ 40 ಮಾತ್ರ ಉಳಿದು, ಹೊಸ ಸಂಸ್ಥೆಯ ಪದವಿ ಪಡೆಯುವುದು ಕಷ್ಟ. ಅಂಥವರು ಸಾಧ್ಯವಿದ್ದರೆ ಇನ್ನೊಂದು ವರ್ಷ ಬಂಧುಗಳ ಮನೆಯಲ್ಲೋ ವಿದ್ಯಾರ್ಥಿನಿಲಯದಲ್ಲೋ ಇದ್ದು ಹಳೆಯ ಕಾಲೇಜಿನಲ್ಲೇ ಮುಗಿಸುವುದು ಲೇಸು. ವೈದ್ಯಕೀಯದಂಥ ಶಿಕ್ಷಣಕ್ಕೆ ಬೇರೆಯೇ ಆಯೋಗ, ಬೇರೆಯೇ ನಿಯಮಗಳಿವೆ. ಅವುಗಳಿಗೆ ನನ್ನ ಈ ಲೆಕ್ಕವನ್ನು ಹಚ್ಚಬಾರದು.

ನಾಲ್ಕನೆಯದು, ಹೊಸ ಕಾಲೇಜಿನವರು ಹೇಳುವುದನ್ನು ಬರಹದಲ್ಲಿ ಕೇಳಿರಿ. ಯಾವ ಪತ್ರಿಕೆಗೆ ಒಪ್ಪಿಗೆ, ಯಾವುದಕ್ಕೆ ಇಲ್ಲ, ಏಕೆ ಇಲ್ಲ ಎಂಬುದು ಕಾಗದದ ಮೇಲೆ ಬರಲಿ. ಅದು ಫೀಜು ಕಟ್ಟುವ ಮೊದಲೇ ಬರಲಿ. ಕಿಟಕಿಯಲ್ಲಿ ಆಡಿದ ಮಾತಿಗೆ ಮೇಲ್ಮನವಿಯಿಲ್ಲ, ಕಾಗದಕ್ಕೆ ಉಂಟು.

ಐದನೆಯದು, ಬಾಕಿ ಉಳಿದುದನ್ನು ತುಂಬಿಕೊಳ್ಳುವ ದಾರಿ ಕೇಳಿರಿ. ಕೇಂದ್ರ ಸರಕಾರದ ಸ್ವಯಂ ಎಂಬ ಅಂತರಜಾಲದ ಪಾಠಗಳು 2017ರಿಂದ ನಡೆದಿವೆ. 2021ರ ನಿಯಮದಂತೆ ಒಂದು ಸೆಮಿಸ್ಟರಿನ ಪಾಠಗಳಲ್ಲಿ ಶೇಕಡಾ 40ರವರೆಗೆ ಅವುಗಳಿಂದ ಪಡೆಯಲು ವಿಶ್ವವಿದ್ಯಾನಿಲಯ ಅನುಮತಿ ಕೊಡಬಹುದು. ಆದರೆ ಅಲ್ಲಿಯೂ ಮೊದಲು ಒಪ್ಪಿಗೆ, ಆಮೇಲೆ ಓದು. ಯಾವ ಕಾಲೇಜೂ ಒಪ್ಪದಿದ್ದಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಬಾಗಿಲನ್ನಾದರೂ ತಟ್ಟಿರಿ. ಓದು ನಿಲ್ಲಿಸುವುದು ಕಡೆಯ ದಾರಿಯೂ ಆಗಬಾರದು.

ಭಾಷೆಯ ಬಗ್ಗೆ ಒಂದು ಮಾತು. ಸಿಕ್ಕಿಹಾಕಿಕೊಳ್ಳುವ ಕ್ರೆಡಿಟ್ಟುಗಳಲ್ಲಿ ಕನ್ನಡದ್ದು ಮೊದಲನೆಯದೆಂದು ತಿಳಿದು ಕೆಲವರು ಕನ್ನಡವನ್ನೇ ಬಿಟ್ಟು ಬೇರೆ ಭಾಷೆಯನ್ನು ಆರಿಸಿಕೊಳ್ಳುತ್ತಾರೆ. ಅವರ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ನಾವು ಕೇಳಬೇಕಾದುದು ಇಷ್ಟೇ: ಓದಿದ ಎರಡು ಸೆಮಿಸ್ಟರಿನ ಕನ್ನಡವನ್ನು ಭಾಷೆಯ ಕ್ರೆಡಿಟ್ ಎಂದೇ ಹಿಡಿಯಿರಿ, ಮುಂದಿನದನ್ನು ಇಲ್ಲಿಯ ಭಾಷೆಯಲ್ಲಿ ಓದುತ್ತೇವೆ. ಇದರಲ್ಲಿ ನ್ಯಾಯಕ್ಕೆ ವಿರುದ್ಧವಾದುದೇನೂ ಇಲ್ಲ. ಒಬ್ಬೊಬ್ಬರೇ ಕೇಳಿದರೆ ಗುಮಾಸ್ತರಿಗೆ ಅದು ಒಂದು ಕಾಗದ. ಸಂಘ ಕೇಳಿದರೆ ಅದು ಒಂದು ಪ್ರಶ್ನೆಯಾಗುತ್ತದೆ.

ಕಡೆಯದಾಗಿ ನಮ್ಮ ವಾಚನಾಲಯಕ್ಕೆ ಒಂದು ಬಿನ್ನಹ. ಇಲ್ಲಿ ಕಥೆ ಕಾದಂಬರಿಗಳಿಗೆ ಕಪಾಟುಗಳಿವೆ. ಒಂದು ಚಿಕ್ಕ ಕಪಾಟನ್ನು ಪಾಠಪಟ್ಟಿಗಳಿಗೆ ಬಿಟ್ಟುಕೊಡೋಣ. ಕರ್ನಾಟಕದ ವಿಶ್ವವಿದ್ಯಾನಿಲಯಗಳ ಹಾಗೂ ಈ ಊರಿನ ಕಾಲೇಜುಗಳ ಪಾಠಪಟ್ಟಿಗಳನ್ನು ಮುದ್ರಿಸಿ ಅಲ್ಲಿಡೋಣ. ಈ ಹಿಂದೆ ವರ್ಗವಾಗಿ ಬಂದವರು ತಮಗೆ ಯಾವ ಪತ್ರಿಕೆಗೆ ಒಪ್ಪಿಗೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲವೆಂಬುದನ್ನು ಒಂದು ವಹಿಯಲ್ಲಿ ಬರೆದಿಡಲಿ. ಮುಂದೆ ಬರುವವರಿಗೆ ಆ ವಹಿ ಯಾವ ಸುತ್ತೋಲೆಗಿಂತಲೂ ಹೆಚ್ಚು ಉಪಯೋಗಕ್ಕೆ ಬಂದೀತು. ಕಾಲೇಜುಗಳ ಪ್ರವೇಶದ ತಿಂಗಳುಗಳಲ್ಲಿ ಪ್ರತಿ ಭಾನುವಾರ ಎರಡು ಗಂಟೆ ಇಲ್ಲಿ ಕುಳಿತು ಅರ್ಜಿ ಬರೆದುಕೊಡಲು ನಾನು ಸಿದ್ಧನಿದ್ದೇನೆ. ನಿವೃತ್ತ ಮಿತ್ರರು ಇನ್ನಿಬ್ಬರು ಜೊತೆಗೂಡಿದರೆ ಸಾಕು.

ಕಳೆದ ವಾರ ನಮ್ಮ ಅಕ್ಕನಿಗೆ ಫೋನು ಮಾಡಿ, ಇಂಥ ವಿಷಯದ ಮೇಲೆ ಮಾತನಾಡುತ್ತಿದ್ದೇನೆ, ನಿನ್ನ ಸಂಗತಿಯನ್ನು ಹೇಳಲೇ ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು. ಆದರೆ ಅಪ್ಪನ ತಪ್ಪು ಅನ್ನಬೇಡ. ಅವರಿಗೂ ಗೊತ್ತಿರಲಿಲ್ಲ" ಎಂದಳು. ನಮ್ಮ ತಂದೆಯವರಿಗೆ ಗೊತ್ತಿರಲಿಲ್ಲವೆಂಬುದು ನಿಜ. ನಮಗೆ ಈಗ ಗೊತ್ತಿದೆ. ಇನ್ನು ಮೇಲೆ ಈ ಸಂಘದ ಯಾವ ಮನೆಯಲ್ಲಿಯೂ ಗೊತ್ತಿಲ್ಲದ ಕಾರಣಕ್ಕಾಗಿ ಒಂದು ಮಗುವಿನ ಓದು ನಿಲ್ಲಬಾರದು.